ಕುದಿರವಟ್ಟಂ ಗೇಟಿನ ಹೊರಗೆ ನಿಂತವರು

ನಮ್ಮ ಕಾಸರಗೋಡು ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಮಾತಾಡಿದರೆ "ಇವನನ್ನು ಕುದಿರವಟ್ಟಕ್ಕೆ ಕಳಿಸಬೇಕು" ಎಂದು ತಮಾಷೆ ಮಾಡುವುದುಂಟು. ಗಡಿಯ ಆ ಕಡೆಯವರು ಇದೇ ಮಾತಿಗೆ ಬೆಂಗಳೂರಿನ ಹೆಸರು ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಮಕ್ಕಳ ಬಾಯಲ್ಲೂ ಈ ಮಾತು ಸಲೀಸಾಗಿ ಬರುತ್ತದೆ. ಆದರೆ ಈ ಕುದಿರವಟ್ಟಂ ಎಂದರೆ ಏನು, ಅದು ಯಾವಾಗಿನದ್ದು, ಅಲ್ಲಿಗೆ ಹೋದವರ ಮನೆಯವರ ಗತಿ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ನಾನು ವೈದ್ಯನಲ್ಲ, ಸಮಾಜ ಪಾಠ ಮಾಡುವವನು. ಹಾಗಾಗಿ ರೋಗದ ಕತೆಗಿಂತ ರೋಗಿಯ ಮನೆಯವರ ಕತೆಯನ್ನು ಇತಿಹಾಸದ ದಾರಿಯಿಂದಲೇ ನೋಡೋಣ ಎಂದು ಹೊರಟಿದ್ದೇನೆ. ಅದರಲ್ಲೂ ಬೈಪೋಲಾರ್ ಎಂಬ ಕಾಯಿಲೆಯೊಂದಿಗೆ ಮುದುಕರಾದವರನ್ನು ನೋಡಿಕೊಳ್ಳುತ್ತಿರುವ ಮನೆಯವರದ್ದು.

ಕೋಝಿಕ್ಕೋಡಿನ ಕುದಿರವಟ್ಟಂ ಆಸ್ಪತ್ರೆ ಆರಂಭವಾದದ್ದು 1872ರಲ್ಲಿ. ಆಗ ಅದರ ಹೆಸರು ಲುನಾಟಿಕ್ ಅಸೈಲಂ. ಮಲಬಾರ್ ಮತ್ತು ದಕ್ಷಿಣ ಕನ್ನಡ ಎರಡೂ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳು. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದ್ದೇ ತಾಲೂಕು. ಮದ್ರಾಸ್ ಪಟ್ಟಣದಲ್ಲಿ ಇದಕ್ಕೂ ಮೊದಲೇ, 1794ರಲ್ಲಿ, ವ್ಯಾಲೆಂಟೈನ್ ಕಾನಲಿ ಎಂಬ ಸರ್ಜನ್ ಒಂದು ಅಸೈಲಂ ನಡೆಸುತ್ತಿದ್ದ. 1871ರಲ್ಲಿ ಕಿಲ್ಪಾಕಿನಲ್ಲಿ ದೊಡ್ಡದು ಬಂತು. ಮರುವರ್ಷ ಪಶ್ಚಿಮ ಕರಾವಳಿಗೆ ಕೋಝಿಕ್ಕೋಡಿನದ್ದು.

ಕಾಗದದ ಮೇಲೆ ಎಲ್ಲ ಸರಿ. ಆದರೆ ಕಾಸರಗೋಡಿನ ಒಂದು ಮನೆಯಿಂದ ಅಲ್ಲಿಗೆ ಹೋಗುವುದು ಹೇಗೆ? ರೈಲು ಮಂಗಳೂರು ಮುಟ್ಟಿದ್ದೇ 1907ರಲ್ಲಿ. ಅದಕ್ಕೆ ಮೊದಲು ಎತ್ತಿನ ಗಾಡಿ, ಹೊಳೆಗಳಿಗೆ ದೋಣಿ, ಇಲ್ಲವಾದರೆ ಸಮುದ್ರದಲ್ಲಿ ಪತ್ತೆಮಾರಿ. ಉದ್ರೇಕಗೊಂಡ ಒಬ್ಬ ಮನುಷ್ಯನನ್ನು ಕಟ್ಟಿಕೊಂಡು ಹಾಗೆ ಹೋಗುವುದನ್ನು ಊಹಿಸಿ ನೋಡಿ. ಕಾನೂನು ಬೇರೆ. 1912ರ ಲೂನಸಿ ಆಕ್ಟ್ ಪ್ರಕಾರ ಗಂಡನೋ ಹೆಂಡತಿಯೋ ಸಂಬಂಧಿಕರೋ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು, ಎರಡು ವೈದ್ಯಕೀಯ ಸರ್ಟಿಫಿಕೇಟು ಬೇಕು, ಅರ್ಜಿದಾರ ಹದಿನಾಲ್ಕು ದಿನಗಳೊಳಗೆ ರೋಗಿಯನ್ನು ಕಣ್ಣಾರೆ ಕಂಡಿರಬೇಕು. ಅಂದರೆ ಕಾನೂನಿನ ಕಣ್ಣಿಗೆ ಮನೆಯವರು ಬರೀ ಅರ್ಜಿದಾರರು. ಆರ್ಡರ್ ಆದ ಮೇಲೆ ಗೇಟಿನ ಒಳಗೆ ರೋಗಿ, ಹೊರಗೆ ಮನೆಯವರು. ಪ್ರಾಂತ್ಯದ ಜನಸಂಖ್ಯೆಗೆ ಹೋಲಿಸಿದರೆ ಅಸೈಲಮ್ಮಿನ ಹಾಸಿಗೆಗಳು ಏನೂ ಅಲ್ಲ. ಹೆಚ್ಚಿನ ರೋಗಿಗಳು ಹೋಗಲೇ ಇಲ್ಲ. ಮನೆಯಲ್ಲೇ ಇದ್ದರು.

ಯಾವ ಮನೆ? ಇಲ್ಲಿ ನಮ್ಮ ಕರಾವಳಿಯ ಒಂದು ವಿಶೇಷವನ್ನು ಹೇಳಬೇಕು. ಇಲ್ಲಿ ಅನೇಕ ಸಮುದಾಯಗಳಲ್ಲಿ ಅಳಿಯಸಂತಾನ, ಸ್ವಲ್ಪ ದಕ್ಷಿಣಕ್ಕೆ ಹೋದರೆ ಮರುಮಕ್ಕತ್ತಾಯಂ. ಆಸ್ತಿ ತಾಯಿಯ ಕಡೆಯಿಂದ, ಇಡೀ ಕುಟುಂಬಕ್ಕೆ ಒಟ್ಟಾಗಿ. ಎಲ್ಲರೂ ಒಪ್ಪದೆ ಪಾಲು ಮಾಡುವಂತಿರಲಿಲ್ಲ. ದುಡಿಯಲಾಗದವನಿಗೂ ತಲೆ ಸರಿಯಿಲ್ಲದವನಿಗೂ ಕುಟುಂಬದ ಮನೆಯಲ್ಲಿ ಅನ್ನಕ್ಕೆ ಹಕ್ಕಿತ್ತು. ಇಪ್ಪತ್ತು ಮೂವತ್ತು ಜನರಿರುವ ಮನೆಯಲ್ಲಿ ಒಬ್ಬ ಮಾವ ರಾತ್ರಿ ಪೂರ್ತಿ ನಿದ್ದೆ ಮಾಡದೆ ತಿರುಗಾಡಿದರೆ ಅವನ ಹಿಂದೆ ಹೋಗಲು ಯಾರಾದರೂ ಒಬ್ಬರು ಸಿಗುತ್ತಿದ್ದರು. ಭಾರ ಹಂಚಿಹೋಗುತ್ತಿತ್ತು.

ಇದನ್ನು ಕೇಳಿ "ಹಿಂದಿನ ಕಾಲವೇ ಚೆನ್ನಾಗಿತ್ತು" ಎಂದು ತೀರ್ಮಾನ ಮಾಡಬೇಡಿ ದಯವಿಟ್ಟು. ಹಂಚಿಹೋಗುತ್ತಿದ್ದದ್ದು ಹೆಚ್ಚಾಗಿ ಹೆಂಗಸರ ನಡುವೆ. ಅಡುಗೆ, ಸ್ನಾನ, ಬಟ್ಟೆ, ಬೈಗುಳ ಕೇಳುವುದು ಎಲ್ಲವೂ ಅವರ ಪಾಲಿಗೆ. ತೀರಾ ಹೆಚ್ಚಾದಾಗ ಕಂಬಕ್ಕೆ ಕಟ್ಟುವುದು, ಕೋಣೆಯಲ್ಲಿ ಕೂಡಿ ಹಾಕುವುದು ಇದ್ದೇ ಇತ್ತು. ಮಂತ್ರವಾದ, ಹರಕೆ, ಆಯುರ್ವೇದ ಎಲ್ಲ ಒಟ್ಟಿಗೆ ನಡೆಯುತ್ತಿತ್ತು. ಆದರೂ ಒಬ್ಬರೇ ಹೊರುವುದು ಬೇರೆ, ಹತ್ತು ಜನ ಹೊರುವುದು ಬೇರೆ.

1949ರ ಮದ್ರಾಸ್ ಅಳಿಯಸಂತಾನ ಆಕ್ಟ್ ಪಾಲಿನ ಬಾಗಿಲು ತೆರೆಯಿತು. ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಭೂಸುಧಾರಣೆ ಬಂತು, ಅನಂತರ 1975ರ ಅವಿಭಕ್ತ ಕುಟುಂಬ ರದ್ದತಿ ಕಾನೂನು 1976ರ ಡಿಸೆಂಬರಿನಿಂದ ಜಾರಿಯಾಯಿತು. ಇವೆಲ್ಲ ಆಗಬೇಕಾದದ್ದೇ, ನನಗೆ ಸಂಶಯವಿಲ್ಲ. ಮನೆಗಳು ಚಿಕ್ಕದಾದವು. ಗದ್ದೆ ತೋಟಗಳ ಪಾಲು ಪಟ್ಟಿಯಲ್ಲಿ ಬಂತು, ಮನೆಯ ರೋಗಿ ಮಾತ್ರ ಪಟ್ಟಿಯಲ್ಲಿ ಬರಲಿಲ್ಲ. ಯಾರ ಜೊತೆಯಲ್ಲಿ ಉಳಿದರೋ ಅವರಿಗೆ ಅವರು.

ಇನ್ನು ಕಾಯಿಲೆಯ ವಿಷಯಕ್ಕೆ ಬರುತ್ತೇನೆ. ಒಮ್ಮೆ ವಿಪರೀತ ಉತ್ಸಾಹ, ನಿದ್ದೆ ಬೇಡ, ಮಾತು ನಿಲ್ಲುವುದಿಲ್ಲ, ಕೈಯಲ್ಲಿದ್ದ ದುಡ್ಡೆಲ್ಲ ಖರ್ಚು, ಸಾಲ, ಜಗಳ. ಇನ್ನೊಮ್ಮೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳದ ಖಿನ್ನತೆ. ಇವೆರಡೂ ಒಂದೇ ಕಾಯಿಲೆಯ ಎರಡು ಮುಖ ಎಂದು 1850ರ ದಶಕದಲ್ಲಿ ಫ್ರಾನ್ಸಿನ ಫಾಲ್ರೆ ಮತ್ತು ಬೈಯಾರ್ಜೆ ಎಂಬ ಇಬ್ಬರು ವೈದ್ಯರು ಬರೆದರು. (ಯಾರು ಮೊದಲು ಕಂಡುಹಿಡಿದದ್ದು ಎಂದು ಅವರೊಳಗೆ ಜಗಳವೂ ಆಯಿತು!) 1899ರಲ್ಲಿ ಜರ್ಮನಿಯ ಕ್ರೆಪೆಲಿನ್ ಇದಕ್ಕೆ ಮೇನಿಕ್ ಡಿಪ್ರೆಸಿವ್ ಎಂಬ ಹೆಸರು ಕೊಟ್ಟ. ಬೈಪೋಲಾರ್ ಎಂಬ ಹೆಸರು ಅಮೆರಿಕದ ಅಧಿಕೃತ ಪಟ್ಟಿಗೆ ಬಂದದ್ದು 1980ರಲ್ಲಿ.

ಔಷಧದ ಕತೆ ಆಸ್ಟ್ರೇಲಿಯಾದಲ್ಲಿ ಶುರು. ಜಾನ್ ಕೇಡ್ ಎಂಬ ವೈದ್ಯ 1948ರಲ್ಲಿ ಐದು ವರ್ಷಗಳಿಂದ ಉನ್ಮಾದದಲ್ಲೇ ಇದ್ದ 51 ವರ್ಷದ ಒಬ್ಬ ರೋಗಿಗೆ ಲಿಥಿಯಂ ಎಂಬ ಲವಣ ಕೊಟ್ಟ. ಕೆಲವು ವಾರಗಳಲ್ಲಿ ಆ ಮನುಷ್ಯ ಶಾಂತನಾದ, ಮನೆಗೆ ಹೋದ, ಹಳೆಯ ಕೆಲಸಕ್ಕೂ ಸೇರಿದ. ಕೇಡ್ 1949ರಲ್ಲಿ ಇದನ್ನು ಪ್ರಕಟಿಸಿದ. ವೈದ್ಯಕೀಯ ಇತಿಹಾಸದಲ್ಲಿ ಇದು ದೊಡ್ಡ ಘಟನೆ. ಆದರೆ ಆ ರೋಗಿಯ ಮುಂದಿನ ಕತೆಯನ್ನು ಹೇಳುವವರು ಕಡಿಮೆ. ಮನೆಗೆ ಹೋದವನು ಮಾತ್ರೆ ನಿಲ್ಲಿಸಿದ, ಮತ್ತೆ ಕೆಟ್ಟಿತು, ಪುನಃ ಆಸ್ಪತ್ರೆಗೆ ಬಂದ. ಕೊನೆಗೆ 1950ರಲ್ಲಿ ಅದೇ ಲಿಥಿಯಂ ವಿಷವಾಗಿ ತೀರಿಕೊಂಡ. ಆಗ ರಕ್ತದಲ್ಲಿ ಅದರ ಪ್ರಮಾಣ ನೋಡಿ ಡೋಸು ನಿರ್ಧರಿಸುವ ಕ್ರಮ ಬಂದಿರಲಿಲ್ಲ. ಮಾತ್ರೆ ಬಿಟ್ಟರೂ ಕಷ್ಟ, ಹೆಚ್ಚಾದರೂ ಕಷ್ಟ. ಬೈಪೋಲಾರ್ ರೋಗಿಯ ಮನೆಯವರು ಇವತ್ತಿಗೂ ನಡೆಯುವುದು ಈ ಎರಡರ ನಡುವಿನ ಸಪೂರ ದಾರಿಯಲ್ಲಿ.

ಲಿಥಿಯಮ್ಮಿಗೆ ಗಟ್ಟಿ ಆಧಾರ ಒದಗಿಸಿದವನು ಡೆನ್ಮಾರ್ಕಿನ ಮೊಗೆನ್ಸ್ ಸ್ಕೌ. 1954ರಿಂದ ಅವನ ಪರೀಕ್ಷೆಗಳು. ಅವನ ಸ್ವಂತ ತಮ್ಮನಿಗೆ ವರ್ಷ ವರ್ಷ ಮರುಕಳಿಸುವ ಕಾಯಿಲೆ ಇತ್ತು, ಲಿಥಿಯಮ್ಮಿನಿಂದ ಗುಣ ಕಂಡಿತು. ಅವನು ಬರೀ ವಿಜ್ಞಾನಿಯಾಗಿ ಅಲ್ಲ, ರೋಗಿಯ ಅಣ್ಣನಾಗಿಯೂ ದುಡಿದ. ಅವನ ಹಟವನ್ನು ಟೀಕಿಸಿದವರಿದ್ದರು, ಮನೆಯಲ್ಲಿ ಅಂಥದ್ದನ್ನು ಕಂಡವನ ಹಟ ಅದು ಎಂದು ನನಗನಿಸುತ್ತದೆ.

ಭಾರತದಲ್ಲಿ ಇದೇ ಕಾಲಕ್ಕೆ ಇನ್ನೊಂದು ಬದಲಾವಣೆ ನಡೆಯಿತು, ಅದು ಔಷಧದ್ದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರೂ ಬಂದು ಇರಲಿ ಎಂದರು. ಆಸ್ಪತ್ರೆ ತುಂಬಿ ತುಳುಕುತ್ತಿತ್ತು, ಸಿಬ್ಬಂದಿ ಸಾಲದು. ಬಂದ ಮನೆಯವರು ತಮ್ಮ ರೋಗಿಯನ್ನು ತಾವೇ ನೋಡಿಕೊಂಡರು, ಪಕ್ಕದ ಡೇರೆಯವರ ರೋಗಿಯನ್ನೂ ನೋಡಿದರು, ಸಂಜೆ ಡಾಕ್ಟರು ಎಲ್ಲರನ್ನೂ ಕೂರಿಸಿ ಮಾತಾಡುತ್ತಿದ್ದರು. "ನಮ್ಮ ಮನೆಯಲ್ಲಿ ಮಾತ್ರ ಅಲ್ಲ" ಎಂದು ಗೊತ್ತಾಗುವುದೇ ಅರ್ಧ ಚಿಕಿತ್ಸೆ. ರೋಗಿಗಳು ಬೇಗ ಮನೆಗೆ ಮರಳಿದರು. ವಿದ್ಯಾಸಾಗರ್ ತಮ್ಮ ಕೆಲಸದ ಬಗ್ಗೆ ಬರೆದದ್ದು ಬಹಳ ಕಡಿಮೆ, ಹಾಗಾಗಿ ಪಠ್ಯಪುಸ್ತಕಗಳಲ್ಲಿ ಇವರ ಹೆಸರು ಸಿಗುವುದು ಕಡಿಮೆ.

1957ರಲ್ಲಿ ವೆಲ್ಲೂರಿನ ಸಿಎಂಸಿ ಮಾನಸಿಕ ಆರೋಗ್ಯ ಕೇಂದ್ರ ಶುರುವಾದಾಗ ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು ಎಂಬುದೇ ಕ್ರಮವಾಯಿತು. ಬೆಂಗಳೂರಿನಲ್ಲೂ ಕುಟುಂಬದವರ ಜೊತೆ ಉಳಿಯುವ ವಾರ್ಡು ಬಂತು. ಮೈಸೂರು ಸಂಸ್ಥಾನದ ಆ ಹಳೆಯ ಅಸೈಲಂ 1925ರಲ್ಲೇ ಹೆಸರು ಬದಲಿಸಿ ಮೆಂಟಲ್ ಹಾಸ್ಪಿಟಲ್ ಆಗಿತ್ತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಮದ್ರಾಸಿನ ಕಿಲ್ಪಾಕ್ ಆಸ್ಪತ್ರೆಯನ್ನು 1961ರಿಂದ ನಡೆಸಿದವರು ಡಾ. ಶಾರದಾ ಮೆನನ್, ದೇಶದ ಮೊದಲ ಮಹಿಳಾ ಮನೋವೈದ್ಯೆ. ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ, 1923ರಲ್ಲಿ. 1984ರಲ್ಲಿ ಅವರು ಚೆನ್ನೈಯಲ್ಲಿ ಸ್ಕಾರ್ಫ್ ಸಂಸ್ಥೆ ಕಟ್ಟಿದರು.

ಹೀಗೆ ಗೇಟಿನ ಹೊರಗೆ ನಿಂತಿದ್ದ ಮನೆಯವರು ಒಳಗೆ ಬಂದರು. ಪಶ್ಚಿಮದ ದೇಶಗಳಲ್ಲಿ ಆಗ ಇದನ್ನು ಮಾಡಿದವರು ಅಪರೂಪ. ಭಾರತದ ಮನೋವೈದ್ಯರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ಹೆಮ್ಮೆಗೆ ಕಾರಣವೂ ಉಂಟು. ಆದರೆ ಒಂದು ಮಾತು. ಮನೆಯವರು ಒಳಗೆ ಬಂದದ್ದು ನರ್ಸುಗಳು ಸಾಲದೆ ಇದ್ದುದರಿಂದಲೂ ಹೌದು. ಸಂಬಳ ಇಲ್ಲದ ಕೆಲಸಗಾರರು ಸಿಕ್ಕಿದರು. ಆ ಕೆಲಸದಿಂದ ಅವರಿಗೆ ಏನಾಗುತ್ತದೆ ಎಂಬ ಪ್ರಶ್ನೆ ತಡವಾಗಿ ಬಂತು.

ಆ ಪ್ರಶ್ನೆಯನ್ನು ಮೊದಲು ಲೆಕ್ಕ ಹಾಕಿ ಕೇಳಿದವರು ಇಂಗ್ಲೆಂಡಿನವರು. ಆಸ್ಪತ್ರೆ ಬಿಡಿಸಿ ಮನೆಯಲ್ಲೇ ಚಿಕಿತ್ಸೆ ಎಂಬ ನೀತಿ ಬಂದಾಗ 1963ರಲ್ಲಿ ಗ್ರಾಡ್ ಮತ್ತು ಸೇನ್ಸ್‌ಬರಿ ಮನೆಯವರ ಮೇಲಿನ ಹೊರೆಯನ್ನು ಅಳೆದರು. 1966ರಲ್ಲಿ ಹೋನಿಗ್ ಮತ್ತು ಹ್ಯಾಮಿಲ್ಟನ್ ಅದನ್ನು ಎರಡಾಗಿ ಬಿಡಿಸಿದರು: ಕಣ್ಣಿಗೆ ಕಾಣುವ ಹೊರೆ ಒಂದು, ಮನಸ್ಸು ಅನುಭವಿಸುವ ಹೊರೆ ಇನ್ನೊಂದು. ದುಡ್ಡು ಹೋದದ್ದನ್ನು ಎಣಿಸಬಹುದು. "ನನಗೇನೂ ಕಷ್ಟವಿಲ್ಲ" ಎನ್ನುವ ಸೊಸೆಯ ಮುಖವನ್ನು ಹೇಗೆ ಎಣಿಸುವುದು?

ನಮ್ಮಲ್ಲಿ ಈ ಕೆಲಸ ಮಾಡಿದವರಲ್ಲಿ ಮುಖ್ಯರು ಡಾ. ಆರ್. ಎಲ್. ಕಪೂರ್. ಇವರು ಮಣಿಪಾಲದಲ್ಲಿದ್ದಾಗ ಕಾರ್‌ಸ್ಟೇರ್ಸ್ ಎಂಬವರ ಜೊತೆ ಸೇರಿ ಕೋಟದಲ್ಲಿ ಮನೆ ಮನೆ ಸಮೀಕ್ಷೆ ಮಾಡಿದರು. ಹೌದು, ಶಿವರಾಮ ಕಾರಂತರ ಹುಟ್ಟೂರು ಕೋಟವೇ! ಬ್ರಾಹ್ಮಣರು, ಬಂಟರು, ಮೊಗವೀರರು ಎಂಬ ಮೂರು ಸಮುದಾಯಗಳನ್ನು ತೆಗೆದುಕೊಂಡು, ಅಳಿಯಕಟ್ಟು ಸಡಿಲವಾಗುತ್ತಿದ್ದ ಕಾಲದಲ್ಲಿ ಜನರ ಮನಸ್ಸಿನ ಮೇಲೆ ಏನಾಗುತ್ತಿದೆ ಎಂದು ನೋಡಿದರು. ಆ ಪುಸ್ತಕ ಬಂದದ್ದು 1976ರಲ್ಲಿ. ಮೇಲೆ ಹೇಳಿದ ಕುಟುಂಬ ರದ್ದತಿ ಕಾನೂನು ಗಡಿಯ ಈಚೆ ಜಾರಿಯಾದ ವರ್ಷವೂ ಅದೇ.

ಆಮೇಲೆ ಬೆಂಗಳೂರಿನಲ್ಲಿ ಕಪೂರರೂ ಶೈಲಾ ಪೈಯವರೂ ಸೇರಿ ಒಂದು ಪ್ರಶ್ನಾವಳಿ ತಯಾರಿಸಿದರು, 1981ರಲ್ಲಿ ಪ್ರಕಟವಾಯಿತು. 24 ಅಂಶಗಳು, ಆರು ಭಾಗಗಳು: ಹಣ, ಮನೆಯ ದಿನಚರಿ, ಬಿಡುವು, ಮನೆಯೊಳಗಿನ ಸಂಬಂಧ, ಉಳಿದವರ ದೇಹಾರೋಗ್ಯ, ಉಳಿದವರ ಮನಸ್ಸು. ಇದನ್ನು ಓದಿದರೆ ಇಂಗ್ಲೆಂಡಿನ ಪ್ರಶ್ನೆಗಳ ನಕಲು ಅಲ್ಲ, ಭಾರತದ ಮನೆಯನ್ನು ಬಲ್ಲವರು ಬರೆದದ್ದು ಎಂದು ಗೊತ್ತಾಗುತ್ತದೆ. ಹಣ ಸಾಲದೆ ಮನೆಯಲ್ಲಿ ನಿಶ್ಚಯಿಸಿದ್ದ ಮದುವೆಯೋ ಧಾರ್ಮಿಕ ಕಾರ್ಯವೋ ಮುಂದೆ ಹೋಯಿತೆ? ರೋಗಿಯ ಕೆಲಸವನ್ನು ಬೇರೆಯವರು ಮಾಡಬೇಕಾಯಿತೆ? ಅವರನ್ನು ನೋಡುವ ಭರದಲ್ಲಿ ಉಳಿದವರ ಕಡೆ ಗಮನ ತಪ್ಪಿತೆ? ನೆಂಟರು ನೆರೆಯವರು ಬರುವುದು ಕಡಿಮೆಯಾಯಿತೆ? ಮನೆಯಲ್ಲಿ ಯಾರಿಗಾದರೂ ನಿದ್ದೆ ಕೆಟ್ಟಿತೆ? ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಮನೆಯವರಿಗೆ ನೇರವಾಗಿ: ಈ ಕಾಯಿಲೆಯಿಂದ ನೀವೆಷ್ಟು ನೊಂದಿದ್ದೀರಿ, ತುಂಬವೋ, ಸ್ವಲ್ಪವೋ, ಇಲ್ಲವೇ ಇಲ್ಲವೋ? ನಲವತ್ತು ವರ್ಷ ಕಳೆದರೂ ಭಾರತದ ಸಂಶೋಧಕರು ಇದೇ ಪ್ರಶ್ನಾವಳಿಯನ್ನು ಬಳಸುತ್ತಿದ್ದಾರೆ.

ಅವರಿಬ್ಬರು ಅಷ್ಟಕ್ಕೆ ನಿಲ್ಲಲಿಲ್ಲ. ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಕೆಲವರನ್ನು ಆಸ್ಪತ್ರೆಗೆ ಸೇರಿಸಿ, ಇನ್ನು ಕೆಲವರನ್ನು ಮನೆಯಲ್ಲೇ ಬಿಟ್ಟು ಒಬ್ಬ ನರ್ಸು ಹೋಗಿ ಬರುವ ಹಾಗೆ ಮಾಡಿ ಹೋಲಿಸಿದರು. ಮನೆಗೆ ನರ್ಸು ಹೋದ ಕಡೆ ರೋಗಿಯ ಸ್ಥಿತಿಯೂ ಸುಧಾರಿಸಿತು, ಮನೆಯವರ ಹೊರೆಯೂ ಇಳಿಯಿತು, ಖರ್ಚೂ ಕಡಿಮೆ. ಅಂದರೆ ಮನೆಯಲ್ಲಿ ನೋಡಿಕೊಳ್ಳುವುದೇ ಹೊರೆ ಅಲ್ಲ, ಯಾರೂ ತಿರುಗಿ ನೋಡದೆ ಒಂಟಿಯಾಗಿ ನೋಡಿಕೊಳ್ಳುವುದು ಹೊರೆ.

ಈಗ ಮುದುಕರ ವಿಷಯ. ಮುಪ್ಪು ಎಂದರೆ ಮರೆವಿನ ಕಾಯಿಲೆ ಎಂದೇ ಎಲ್ಲರ ಲಕ್ಷ್ಯ. 1980ರಲ್ಲಿ ಅಮೆರಿಕದ ಝರಿಟ್ ತಯಾರಿಸಿದ ಹೊರೆಯ ಅಳತೆಯೂ ಮರೆವಿನವರ ಮನೆಯವರಿಗಾಗಿಯೇ. ಬೈಪೋಲಾರ್ ಯೌವನದ ಕಾಯಿಲೆ ಎಂದುಕೊಂಡಿದ್ದರು. ಆದರೆ ಔಷಧದಿಂದ ಬದುಕು ಉಳಿಸಿಕೊಂಡವರು ಮುದುಕರಾದರು. ಅರುವತ್ತು ದಾಟಿದವರಿಗೆ ಪ್ರತ್ಯೇಕ ಗಮನ ಬೇಕೆಂದು ಅಂತಾರಾಷ್ಟ್ರೀಯ ತಜ್ಞರ ಒಂದು ಕಾರ್ಯಪಡೆ 2015ರಲ್ಲಿ ಹೇಳಿತು. ಬೈಪೋಲಾರ್ ಇರುವವರಲ್ಲಿ ನಾಲ್ಕರಲ್ಲಿ ಒಂದು ಪಾಲು ಆ ವಯಸ್ಸಿನವರೇ ಎಂದು ಅವರ ಅಂದಾಜು.

ಇವರನ್ನು ನೋಡಿಕೊಳ್ಳುವವರ ಕಷ್ಟ ಯಾಕೆ ಬೇರೆ? ಒಂದನೆಯದು, ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಇಪ್ಪತ್ತೈದನೇ ವಯಸ್ಸಿನಲ್ಲಿ ಬಂದ ಕಾಯಿಲೆಗೆ ಎಪ್ಪತ್ತರಲ್ಲಿ ನಲವತ್ತೈದು ವರ್ಷ. ಮೊದಲು ತಾಯಿ ನೋಡಿದರು, ಅವರು ತೀರಿದ ಮೇಲೆ ಹೆಂಡತಿ, ಅವರಿಗೂ ಮೊಣಕಾಲು ನೋವು ಬಂದ ಮೇಲೆ ಮಗಳೋ ಸೊಸೆಯೋ. ಹಳೆಯ ಸಾಲ, ಮಾರಿದ ಜಾಗ, ಊರ ಮುಂದೆ ಆಡಿದ ಮಾತು ಎಲ್ಲ ಮನೆಯವರ ನೆನಪಿನಲ್ಲಿ ಉಂಟು. ಚಿಕ್ಕಂದಿನಲ್ಲಿ ಅಪ್ಪನಿಂದ ಪೆಟ್ಟು ತಿಂದ ಮಗನೇ ಈಗ ಅಪ್ಪನಿಗೆ ಊಟ ಮಾಡಿಸಬೇಕು. ಮರೆವಿನವರಲ್ಲಿ ಇಳಿಜಾರು ಒಂದೇ ದಿಕ್ಕಿಗೆ. ಇಲ್ಲಿ ಹಾಗಲ್ಲ, ಆರು ತಿಂಗಳು ಚೆನ್ನಾಗಿದ್ದು ಒಂದು ರಾತ್ರಿ ಎರಡು ಗಂಟೆಗೆ ಎದ್ದು ಕಪಾಟು ಖಾಲಿ ಮಾಡತೊಡಗುತ್ತಾರೆ. ಚೆನ್ನಾಗಿರುವ ದಿನಗಳಲ್ಲೂ ಮನೆಯವರು ನೆಮ್ಮದಿಯಿಂದ ಮಲಗುವುದಿಲ್ಲ.

ಎರಡನೆಯದು ಮಾತ್ರೆ. ಲಿಥಿಯಂ ಹೊರಹೋಗುವುದು ಮೂತ್ರಪಿಂಡದಿಂದ, ಅದು ವಯಸ್ಸಾದಂತೆ ನಿಧಾನವಾಗುತ್ತದೆ. ವಾಂತಿ ಭೇದಿ ಆಗಿ ನೀರು ಕಡಿಮೆಯಾದರೆ, ಉಪ್ಪು ಪೂರ್ತಿ ಬಿಟ್ಟರೆ, ಬಿಪಿಗೆ ಕೊಡುವ ಕೆಲವು ಮೂತ್ರ ಹೋಗುವ ಮಾತ್ರೆಗಳನ್ನೋ ಬ್ರೂಫೆನ್ ಜಾತಿಯ ನೋವಿನ ಮಾತ್ರೆಗಳನ್ನೋ ತೆಗೆದುಕೊಂಡರೆ ರಕ್ತದಲ್ಲಿ ಲಿಥಿಯಂ ಏರಿಬಿಡುತ್ತದೆ. ಕೈ ಜೋರಾಗಿ ನಡುಗುವುದು, ನಡೆ ತಪ್ಪುವುದು, ಮಾತು ತೊದಲುವುದು, ಮಂಪರು. ಇದನ್ನು "ವಯಸ್ಸಾಯಿತಲ್ಲ" ಎಂದು ಬಿಡಬಾರದು, ತಕ್ಷಣ ಡಾಕ್ಟರಿಗೆ ತೋರಿಸಬೇಕು. ಹಾಗೆಂದು ಮನೆಯವರೇ ಮಾತ್ರೆ ನಿಲ್ಲಿಸುವುದೂ ಅಪಾಯ. ಅರುವತ್ತರ ಮೇಲೆ ಮೊದಲ ಬಾರಿಗೆ ಉನ್ಮಾದ ಕಂಡರೆ ಮೆದುಳಿನ ಸ್ಟ್ರೋಕ್, ಥೈರಾಯ್ಡ್, ಸ್ಟೀರಾಯ್ಡ್ ಔಷಧ ಇತ್ಯಾದಿ ಬೇರೆ ಕಾರಣ ಇದೆಯೇ ಎಂದು ನೋಡಿಸಬೇಕಾಗುತ್ತದೆ. ಇಷ್ಟೆಲ್ಲ ಲೆಕ್ಕ ಇಡುವುದು ಯಾರು? ಏಳನೇ ಕ್ಲಾಸು ಓದಿದ ಸೊಸೆ. ನಮ್ಮ ಕಡೆ ಅದರ ಜೊತೆಗೆ ಭಾಷೆಯ ತೊಡಕು: ಸರಕಾರಿ ಚೀಟಿ ಮಲಯಾಳದಲ್ಲಿ, ಮಂಗಳೂರಿನ ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿ, ಓದಲು ಬರುವುದು ಕನ್ನಡ. ಎಷ್ಟೋ ಮನೆಗಳಲ್ಲಿ ಅಜ್ಜನ ಮಾತ್ರೆಯ ಹೆಸರು ಓದಿ ಹೇಳುವುದು ಶಾಲೆಗೆ ಹೋಗುವ ಮೊಮ್ಮಗಳು. ಹಾಜರಿ ಪುಸ್ತಕದಲ್ಲಿ ಅವಳ ಗೈರುಹಾಜರಿ ಮಾತ್ರ ಕಾಣುತ್ತದೆ, ಕಾರಣದ ಕಾಲಂ ಅದರಲ್ಲಿಲ್ಲ.

ಹೊರಲಾಗದೆ ಹೋದಾಗ ಏನಾಗುತ್ತದೆ ಎಂಬುದಕ್ಕೆ 2001ರ ಆಗಸ್ಟ್ 6 ಸಾಕು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ದರ್ಗಾದ ಹತ್ತಿರದ ಒಂದು ಖಾಸಗಿ ಆಶ್ರಯದಲ್ಲಿ ನಸುಕಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದ 28 ಜನ ಸತ್ತರು. ಆಗ ಎಲ್ಲರೂ ಕೇಳಿದ್ದು "ಎಂಥ ಕಟುಕರು ಇವರ ಮನೆಯವರು" ಎಂದು. ಅವರಲ್ಲಿ ಬಿಟ್ಟು ಹೋದವರೂ ಇದ್ದಿರಬಹುದು. ಆದರೆ ತಮ್ಮ ಊರಿನ ಹತ್ತಿರ ಮಾನಸಿಕ ಚಿಕಿತ್ಸೆ ಸಿಗದೆ, ಮನೆಗೆ ಬರುವ ನರ್ಸಿಲ್ಲದೆ, ದೇವರ ಹತ್ತಿರವಾದರೂ ಇರಲಿ ಎಂದು ದುಡ್ಡು ಕೊಟ್ಟು ಇಟ್ಟವರೂ ಇದ್ದರು. ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಎತ್ತಿಕೊಂಡಿತು.

ಲೂನಸಿ ಆಕ್ಟ್ ಹೋಗಿ 1987ರಲ್ಲಿ ಹೊಸ ಕಾನೂನು ಬಂತು, ಅದೂ ಹೋಗಿ 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಇದು ಸರಪಳಿ ಹಾಕುವುದನ್ನು ನಿಷೇಧಿಸಿತು, ರೋಗಿಯ ಹಕ್ಕನ್ನು ಎತ್ತಿ ಹಿಡಿಯಿತು. ಸಂಬಳಕ್ಕಾಗಲಿ ಸಂಬಳವಿಲ್ಲದೆಯಾಗಲಿ ಜೊತೆಯಲ್ಲಿದ್ದು ನೋಡಿಕೊಳ್ಳುವವರು ಯಾರು ಎಂದು ವ್ಯಾಖ್ಯೆಯನ್ನೂ ಬರೆಯಿತು. ಒಳ್ಳೆಯದೇ. ವ್ಯಾಖ್ಯೆಯಿಂದ ಹೊಟ್ಟೆ ತುಂಬುವುದಿಲ್ಲ, ಅದು ಬೇರೆ. ಕೇರಳ ಸರಕಾರ 2010ರಲ್ಲಿ ಆಶ್ವಾಸಕಿರಣಂ ಎಂಬ ಯೋಜನೆ ತಂದು, ಹಾಸಿಗೆ ಹಿಡಿದವರನ್ನೂ ತೀವ್ರ ಮಾನಸಿಕ ಕಾಯಿಲೆಯವರನ್ನೂ ನೋಡಿಕೊಳ್ಳುವವರಿಗೆ ತಿಂಗಳಿಗಿಷ್ಟು ಎಂದು ಧನಸಹಾಯ ಕೊಟ್ಟಿತು. ಅದು ಏರಿ ಏರಿ 600 ರೂಪಾಯಿ ಮುಟ್ಟಿತು. ಮೊತ್ತ ಸಣ್ಣದು. ಆದರೆ ನೋಡಿಕೊಳ್ಳುವುದೂ ಒಂದು ಕೆಲಸ ಎಂದು ಒಂದು ಸರಕಾರ ರೊಕ್ಕ ಎಣಿಸಿ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

2020ರ ಮಾರ್ಚಿನಲ್ಲಿ ಕೊರೋನಾ ಲಾಕ್‌ಡೌನ್ ಕಾಲಕ್ಕೆ ತಲಪಾಡಿಯಲ್ಲಿ ರಸ್ತೆ ಮುಚ್ಚಿದ್ದು ನಮಗೆಲ್ಲ ನೆನಪಿದೆ. ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ಕೆಲವರು ತೀರಿಕೊಂಡರು, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಹೃದಯದ ರೋಗಿಗಳ ಸುದ್ದಿ ಪತ್ರಿಕೆಯಲ್ಲಿ ಬಂತು. ತಿಂಗಳ ಲಿಥಿಯಂ ಮಾತ್ರೆಗೂ ರಕ್ತ ಪರೀಕ್ಷೆಗೂ ಮಂಗಳೂರನ್ನೇ ನಂಬಿದ್ದ ಮನೆಗಳದ್ದು ಸುದ್ದಿಯಾಗಲಿಲ್ಲ. ಗಡಿ ಎಂದರೆ ಭೂಪಟದ ಗೆರೆ ಎಂದು ಪಾಠ ಮಾಡುವವರಿಗೆ ಆ ವಾರಗಳಲ್ಲಿ ಬೇರೆಯೇ ಪಾಠವಾಯಿತು.

2022ರ ಅಕ್ಟೋಬರ್ 10ರಿಂದ ಕೇಂದ್ರ ಸರಕಾರದ ಟೆಲಿ ಮಾನಸ್ ಎಂಬ ಉಚಿತ ಫೋನ್ ಸೇವೆ ಶುರುವಾಗಿದೆ, ನಂಬರ್ 14416. ರೋಗಿ ಮಾತ್ರ ಅಲ್ಲ, ನೋಡಿಕೊಳ್ಳುವವರೂ ಮಾಡಬಹುದು. ಭಾಷೆ ಆರಿಸಿಕೊಳ್ಳುವ ಅವಕಾಶವಿದೆ, ಕನ್ನಡವೂ ಅದರಲ್ಲಿದೆ. ಶಾಲೆಯ ನೋಟಿಸ್ ಬೋರ್ಡಿನಲ್ಲಿ ಈ ನಂಬರನ್ನು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ. ಮಕ್ಕಳು ಅದನ್ನು ಮನೆಗೆ ತಲಪಿಸುತ್ತಾರೆ.